ಕಡಿಮೆ ಖರ್ಚಿನಲ್ಲಿ ಅಚ್ಚು, ಎರಕ: ಮಾಡೆಲ್ ಮಾಡುವವರು ಏನೇನು ಬಳಸುತ್ತಿದ್ದೀರಿ?

ನ್ಯಾರೋಗೇಜ್_ಬಂಗಾರಪೇಟೆ

ಎಲ್ಲರಿಗೂ ನಮಸ್ಕಾರ. ಬಂಗಾರಪೇಟೆ–ಕೋಲಾರ ಹಳೇ ನ್ಯಾರೋಗೇಜ್ ಲೈನ್ ನೆನಪಿಗೆ ಒಂದು ಸಣ್ಣ ಮಾಡೆಲ್ ಮಾಡುತ್ತಿದ್ದೇನೆ. ಸ್ಕೇಲು 1:87. ಎರಡೂವರೆ ಅಡಿ ಗೇಜು (ಎರಡು ಹಳಿಗಳ ನಡುವಿನ ಅಂತರ) ಅಂದರೆ 762 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 8.8ರ ಹತ್ತಿರ ಬರುತ್ತೆ, ಹಾಗಾಗಿ ಎನ್ ಸ್ಕೇಲ್ ಅನ್ನುವ ಇನ್ನೂ ಸಣ್ಣ ಮಾಡೆಲ್ ರೈಲಿನ 9 ಮಿ.ಮೀ. ಹಳಿ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಹಳಿದು ತಲೆನೋವಿಲ್ಲ.

ತಲೆನೋವು ಬೇರೆ. ಒಂದೇ ಥರದ ವಸ್ತು ರಾಶಿ ಬೇಕು. ಹೆಂಚಿನ ಮಾಡು, ಸೈಜು ಕಲ್ಲಿನ ಗೋಡೆ, ಹೊಲದ ಬದುವಿನ ಕಲ್ಲು ಕಂಬ, ಗೂಡ್ಸ್ ಬೋಗಿಯ ಸಣ್ಣಪುಟ್ಟ ಭಾಗ. ಒಂದೊಂದನ್ನೂ ಕೈಯಲ್ಲಿ ಕೆತ್ತುತ್ತಾ ಕೂತರೆ ಮುಗಿಯುವ ಮಾತಲ್ಲ. ಒಂದು ಚೆನ್ನಾಗಿ ಮಾಡಿ, ಅಚ್ಚು ತೆಗೆದು, ಮಿಕ್ಕಿದ್ದನ್ನು ಎರಕ ಹೊಯ್ಯೋಣ ಅಂತ. ಆನ್‌ಲೈನಿನಲ್ಲಿ ಅಚ್ಚಿನ ರಬ್ಬರ್ ಸಿಲಿಕೋನ್, ಎರಕ ಹೊಯ್ಯುವ ಪ್ಲಾಸ್ಟಿಕ್ ರೆಸಿನ್ ಬೆಲೆ ನೋಡಿ ಫೋನು ಪಕ್ಕಕ್ಕಿಟ್ಟೆ. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿ, ದಿನಸಿ ಅಂಗಡಿಯಲ್ಲಿ ಸಿಗುವ ಸಾಮಾನಲ್ಲೇ ಎಷ್ಟು ದೂರ ಹೋಗಬಹುದು? ಮಾಡಿ ನೋಡಿದವರು ಹೇಳಿ. ಯೂಟ್ಯೂಬ್ ಲಿಂಕ್ ಬೇಡ, ಅವೆಲ್ಲ ನೋಡಿದ್ದೇನೆ.

ಗೊಂಬೆ_ಅಕ್ಕ_ತುಮಕೂರು

ಮೊದಲು ಒಂದು ಮಾತು ಕೇಳಿ. ನಿಮ್ಮ ಮನೆಯಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಾರಾ? ಮಾಡಿದರೆ ಆ ಮರದ ಅಚ್ಚನ್ನು ಬಿಚ್ಚಿ ಒಂದು ಸಲ ಸರಿಯಾಗಿ ನೋಡಿ. ನಿಮಗೆ ಬೇಕಾಗಿದ್ದೆಲ್ಲ ಅದರಲ್ಲೇ ಇದೆ. ಎರಡು ಹೋಳು. ಕೆಲವಕ್ಕೆ ಮೂರು. ಗೋಪುರ, ಆನೆ, ಬಾತುಕೋಳಿ ಯಾವುದೇ ಇರಲಿ, ಹೋಳು ಕೂಡುವ ಗೆರೆ ಆಕಾರದ ಅತಿ ಅಗಲವಾದ ಜಾಗದಲ್ಲೇ ಹೋಗಿರುತ್ತೆ. ಒಳಗೆ ಎಲ್ಲೂ ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಜಾಗ ಇರಲ್ಲ, ಎಲ್ಲ ಸ್ವಲ್ಪ ಹೊರಕ್ಕೆ ಇಳಿಜಾರು. ಹೊಯ್ಯುವ ಮೊದಲು ಅಚ್ಚನ್ನು ನೀರಲ್ಲಿ ನೆನೆಸುತ್ತೇವೆ, ಆ ನೀರೇ ಪಾಕ ಮರಕ್ಕೆ ಅಂಟದ ಹಾಗೆ ತಡೆಯುವುದು. ಆಮೇಲೆ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ಪಾಕ ಸುರಿಯುವುದು.

ಗಟ್ಟಿ ಅಚ್ಚು, ಗಟ್ಟಿ ಎರಕ ಅಂದರೆ ಇಷ್ಟು ಶಿಸ್ತು ಬೇಕು. ಅಚ್ಚು ಮೆತ್ತಗಿದ್ದರೆ ಶಿಸ್ತು ಸ್ವಲ್ಪ ಸಡಿಲ ಬಿಡಬಹುದು, ಬಗ್ಗಿಸಿ ಬಿಡಿಸಿಕೊಳ್ಳಬಹುದು. ಎರಕ ಮೆತ್ತಗಿದ್ದರೂ ಅಷ್ಟೇ. ಮೆತ್ತನೆ ಮಣ್ಣನ್ನು ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚಿಗೆ ಒತ್ತಿ ಗಣೇಶ ಮಾಡುವವರಿಗೆ ಸಿಲಿಕೋನ್ ಯಾಕೆ ಬೇಕು? ಪಿಓಪಿ ಮಣ್ಣಿನ ನೀರು ಹೀರುತ್ತೆ, ಮಣ್ಣು ಚೂರು ಕುಗ್ಗುತ್ತೆ, ತಾನಾಗೇ ಬಿಟ್ಟುಕೊಳ್ಳುತ್ತೆ. ಆದ್ದರಿಂದ ಯಾವ ವಸ್ತು ಅಗ್ಗ ಅಂತ ಕೇಳುವ ಮೊದಲು, ಏನನ್ನು ಯಾವುದರಲ್ಲಿ ಹೊಯ್ಯುತ್ತೀರಿ ಅಂತ ಜೋಡಿ ಹಾಕಿಕೊಳ್ಳಿ.

ಚಿಂತಾಮಣಿ_ಹುಡುಗ

ಅಕ್ಕ ಸೂಪರ್. ನಾನು ಸಕ್ಕರೆ ಅಚ್ಚು ತಿನ್ನುವುದು ಮಾತ್ರ ಗೊತ್ತಿದ್ದವನು.

ಫೈಬರ್_ಕೆಲಸ

ಅಗ್ಗದ ಸಿಲಿಕೋನ್ ಬೇಕು ಅಂದರೆ ದಾರಿ ಒಂದೇ. ಕಿಟಕಿ ಗಾಜಿಗೆ, ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಟ್ಯೂಬು, ಜೊತೆಗೆ ದಿನಸಿ ಅಂಗಡಿಯ ಕಾರ್ನ್ ಫ್ಲೋರ್. ಬಿ.ಎಚ್. ರೋಡಿನಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ 280 ಮಿ.ಲೀ. ಟ್ಯೂಬ್ ಸಿಗುತ್ತೆ. ಹಿಂಡಿದಾಗ ವಿನೆಗರ್ ವಾಸನೆ ಬರಬೇಕು, ಅದೇ ಗುರುತು. ಟ್ಯೂಬಿನ ಮೇಲೆ ‘ಅಸಿಟಾಕ್ಸಿ’ ಅಂತಲೋ ‘ಜನರಲ್ ಪರ್ಪಸ್’ ಅಂತಲೋ ಬರೆದಿರುತ್ತಾರೆ. ‘ನ್ಯೂಟ್ರಲ್’ ಅಂತ ಇರುವುದು ದುಬಾರಿನೂ ಹೌದು, ಈ ಕೆಲಸಕ್ಕೆ ಅಷ್ಟು ಒಗ್ಗುವುದೂ ಇಲ್ಲ.

ಯಾಕೆ ಕಾರ್ನ್ ಫ್ಲೋರ್ ಅಂದರೆ, ಈ ಸಿಲಿಕೋನ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುವುದು. ಹೊರಗಿನ ಪದರ ಬೇಗ ಒಣಗುತ್ತೆ, ಒಳಗೆ ತೇವ ತಲುಪಲ್ಲ, ದಪ್ಪ ಇದ್ದರೆ ದಿನಗಟ್ಟಲೆ ಹಸಿಯಾಗೇ ಇರುತ್ತೆ. ಹಿಟ್ಟಿನಲ್ಲಿ ತೇವ ಇರುತ್ತಲ್ಲ, ಅದು ಒಳಗಿನಿಂದಲೇ ಕೆಲಸ ಶುರು ಮಾಡಿಸುತ್ತೆ. ಸಮಸಮ ಅಳತೆಯಲ್ಲಿ ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ಬಂದರೆ ಸರಿ. ಕೈಗೆ ಗ್ಲೌಸ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿದ ನೀರು ಪಕ್ಕದಲ್ಲಿ. ಮೊದಲು ಹಿಟ್ಟು ಹಾಕದ ಬರೀ ಸಿಲಿಕೋನನ್ನು ಬೆರಳಿನಿಂದ ತೆಳ್ಳಗೆ ಮಾಸ್ಟರ್ (ಅಚ್ಚು ತೆಗೆಯಲು ಮಾಡಿದ ಮೂಲ ಮಾದರಿ) ಮೇಲೆ ಸವರಿ, ಮೂಲೆ ಮೂಲೆಗೆ ಒತ್ತಿ, ಅದರ ಮೇಲೆ ಈ ಹಿಟ್ಟಿನ ಮುದ್ದೆ ಹಾಕಿ. ಹಾಗೆ ಮಾಡದಿದ್ದರೆ ವಿವರ ಬರಲ್ಲ.

ಬಾಗಿಲು ಕಿಟಕಿ ತೆಗೆದು ಮಾಡಿ. ಕಣ್ಣುರಿ ಬರುತ್ತೆ.

ನ್ಯಾರೋಗೇಜ್_ಬಂಗಾರಪೇಟೆ

ಫೈಬರ್ ಅಣ್ಣ, ಥ್ಯಾಂಕ್ಸ್. ಮಾಸ್ಟರ್‌ಗೆ ಅಂಟಿಕೊಳ್ಳಲ್ವಾ? ಹೆಂಚಿನ ಮಾಸ್ಟರ್ ನಾನು ಎಂ-ಸೀಲಿನಲ್ಲಿ ಮಾಡಿದ್ದೇನೆ, ಒಂದು ಗಾಜಿನ ತುಂಡಿನ ಮೇಲೆ.

ಫೈಬರ್_ಕೆಲಸ

ಗಾಜಿನ ಮೇಲಾ? ನಿಲ್ಲಿಸಿ, ಹಾಗೆ ಹಾಕಬೇಡಿ. ಆ ಟ್ಯೂಬು ಇರುವುದೇ ಗಾಜಿಗೆ ಅಂಟಲಿಕ್ಕೆ. ಮಾಸ್ಟರ್ ಸಮೇತ ಹೋಗುತ್ತೆ. ಗಾಜಿಗೂ ಎಂ-ಸೀಲಿಗೂ ತೆಳ್ಳಗೆ ವ್ಯಾಸಲೀನ್ ಸವರಿ, ಬ್ರಷ್ಷಿನಿಂದ ಎಳೆದು ತೆಗೆದು, ಹೊಳಪು ಮಾತ್ರ ಉಳಿಯುವಷ್ಟು ಬಿಡಿ. ಜಾಸ್ತಿ ಇದ್ದರೆ ಬ್ರಷ್ಷಿನ ಗೀರೆಲ್ಲ ಎರಕದಲ್ಲಿ ಬರುತ್ತೆ. ಇನ್ನೂ ಒಳ್ಳೆಯದು, ಗಾಜಿನಿಂದ ಎಬ್ಬಿಸಿ ಸನ್‌ಮೈಕಾ ತುಂಡಿನ ಮೇಲೆ ಕೂರಿಸಿ.

ಮತ್ತೆ ಎರಡು ಹೋಳಿನ ಅಚ್ಚು ಮಾಡುವಾಗ ಇದೇ ನೆನಪಿರಲಿ, ಸಿಲಿಕೋನಿಗೆ ಸಿಲಿಕೋನ್ ಅಂಟುವಷ್ಟು ಬೇರೆ ಏನೂ ಅಂಟಲ್ಲ. ನಡುವೆ ವ್ಯಾಸಲೀನ್ ಇಲ್ಲದಿದ್ದರೆ ಒಂದೇ ಉಂಡೆ. ಹಿತ್ತಾಳೆ ಮಾಸ್ಟರ್ ಇದ್ದರೆ ಆ ಹುಳಿ ವಾಸನೆಯ ಆಸಿಡ್ ಮೇಲ್ಮೈ ಕಚ್ಚುತ್ತೆ, ಅದನ್ನೂ ನೋಡಿಕೊಳ್ಳಿ.

ಹಲ್ಲಿನ_ಲ್ಯಾಬ್

ನಾನು ತುಮಕೂರಿನಲ್ಲಿ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ದಿನಾ ಬೆಳಿಗ್ಗೆ ಎದ್ದರೆ ಅಚ್ಚು ಎರಕವೇ ಬದುಕು. ಎಲ್ಲರೂ ಅಚ್ಚಿನ ಬಗ್ಗೆ ಹೇಳುತ್ತಿದ್ದೀರಿ, ಹೊಯ್ಯುವುದರ ಬಗ್ಗೆ ನಾನು ಸ್ವಲ್ಪ ಉದ್ದವಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫಾಲ್ಸ್ ಸೀಲಿಂಗಿಗೆ ಬಳಸುವ ಪಿಓಪಿ ಚೀಲ ಅಗ್ಗ, ನಿಜ. ಆದರೆ ಅದರಲ್ಲಿ ತೆಳ್ಳನೆಯ ಸಾಮಾನು ಮಾಡಿದರೆ ಉಗುರಿಗೆ ತಾಗಿದರೂ ಮೂಲೆ ಉದುರುತ್ತೆ. ಕಾರಣ ನೀರು. ನೂರು ಗ್ರಾಂ ಪ್ಲಾಸ್ಟರ್ ಗಟ್ಟಿಯಾಗಲು ರಾಸಾಯನಿಕವಾಗಿ ಬೇಕಿರುವ ನೀರು 18.6 ಮಿ.ಲೀ. ಮಾತ್ರ. ಮಿಕ್ಕಿದ್ದನ್ನು ನಾವು ಹಾಕುವುದು ಕಲಸಲಿಕ್ಕೆ, ಸುರಿಯಲಿಕ್ಕೆ. ಆ ಹೆಚ್ಚಿನ ನೀರು ಆಮೇಲೆ ಒಣಗಿಹೋಗಿ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು ಬಿಟ್ಟುಹೋಗುತ್ತೆ. ನಮ್ಮ ಲ್ಯಾಬಿನ ಮಾಮೂಲಿ ಪ್ಲಾಸ್ಟರಿಗೆ ನೂರು ಗ್ರಾಮಿಗೆ 45ರಿಂದ 50 ಮಿ.ಲೀ. ಬೇಕು. ಡೆಂಟಲ್ ಸ್ಟೋನ್ ಅಂತ ಬರುತ್ತೆ, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಅದಕ್ಕೆ 28ರಿಂದ 30 ಸಾಕು. ಡೈ ಸ್ಟೋನಿಗೆ 22ರಿಂದ 24. ಎಲ್ಲದರ ಮೂಲ ಒಂದೇ ಜಿಪ್ಸಂ. ಸುಡುವ ರೀತಿ ಬೇರೆ ಆದ್ದರಿಂದ ಹರಳು ದಟ್ಟವಾಗಿರುತ್ತೆ, ನೀರು ಕಡಿಮೆ ಕುಡಿಯುತ್ತೆ. ಅಷ್ಟಕ್ಕೇ ಗಟ್ಟಿತನದಲ್ಲಿ ನೆಲ ಮುಗಿಲಿನ ವ್ಯತ್ಯಾಸ. ಹಿಗ್ಗುವುದೂ ಕಡಿಮೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಶೇಕಡಾ 0.2ರಿಂದ 0.3 ಹಿಗ್ಗುತ್ತೆ, ಸ್ಟೋನ್ 0.1ರ ಆಸುಪಾಸು.

ಡೆಂಟಲ್ ಕಾಲೇಜು ಇರುವ ಊರಲ್ಲಿ ಇದನ್ನು ಮಾರುವ ಅಂಗಡಿ ಇದ್ದೇ ಇರುತ್ತೆ. ತುಮಕೂರಲ್ಲೂ ಇದೆ, ಕೆಜಿಎಫ್ ಕಡೆಯೂ ಕೇಳಿ ನೋಡಿ. ಡಾಕ್ಟರೇ ಆಗಿರಬೇಕು ಅಂತೇನಿಲ್ಲ, ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ಪಿಓಪಿಗಿಂತ ದುಬಾರಿ, ರೆಸಿನ್‌ಗಿಂತ ತುಂಬಾ ಅಗ್ಗ.

ಈಗ ಕಲಸುವ ವಿಷಯ. ನೀರಿಗೆ ಪುಡಿ, ಪುಡಿಗೆ ನೀರಲ್ಲ. ಮೆತ್ತನೆ ಬಟ್ಟಲಿಗೆ ನೀರು ಅಳೆದು ಹಾಕಿ. ಮಕ್ಕಳ ರಬ್ಬರ್ ಚೆಂಡು ಅರ್ಧ ಕತ್ತರಿಸಿದರೆ ಒಳ್ಳೆ ಬಟ್ಟಲಾಗುತ್ತೆ, ಒಣಗಿದ ಮೇಲೆ ಹಿಸುಕಿದರೆ ಚಕ್ಕೆ ಎದ್ದು ಬರುತ್ತೆ. ಪುಡಿಯನ್ನು ಬೆರಳ ಸಂದಿಯಿಂದ ಉದುರಿಸುತ್ತಾ ಹೋಗಿ. ಮೊದಮೊದಲು ಬಿದ್ದಿದ್ದೆಲ್ಲ ಮುಳುಗುತ್ತೆ. ಸ್ವಲ್ಪ ಹೊತ್ತಿಗೆ ಅಲ್ಲಲ್ಲಿ ಒಣ ಪುಡಿ ಮುಳುಗದೆ ನೀರಿನ ಮೇಲೆ ನಿಲ್ಲಲು ಶುರುವಾಗುತ್ತೆ, ಅಂಚಿನಿಂದ ನಿಧಾನಕ್ಕೆ ಬಣ್ಣ ತಿರುಗಿ ಒದ್ದೆಯಾಗುತ್ತೆ. ಆಗ ಕೈ ಬಿಡಿ. ಒಂದು ನಿಮಿಷ ಮುಟ್ಟಬೇಡಿ. ಆಮೇಲೆ ಚಮಚ ತಳಕ್ಕೆ ಒತ್ತಿ ಹಿಡಿದು ನಿಧಾನವಾಗಿ ತಿರುಗಿಸಿ. ಮೊಟ್ಟೆ ಒಡೆದು ಬಡಿಯುವ ಹಾಗೆ ಬಡಿದರೆ ಗಾಳಿ ತುಂಬುತ್ತೆ, ಆಮೇಲೆ ಗುಳ್ಳೆ ಗುಳ್ಳೆ ಅಂತ ಅಳಬೇಕಾಗುತ್ತೆ.

ಸುರಿಯುವ ಮೊದಲು ಅದೇ ಪ್ಲಾಸ್ಟರನ್ನು ಹಳೇ ಬ್ರಷ್ಷಿನಿಂದ ಅಚ್ಚಿನ ಒಳಗೆಲ್ಲ ಬಳಿಯಿರಿ. ಮೂಲೆಗಳಲ್ಲಿ ಬ್ರಷ್ ಚುಚ್ಚಿ ಚುಚ್ಚಿ. ಆಮೇಲೆ ಒಂದು ತುದಿಯಿಂದ ಸಣ್ಣ ಧಾರೆಯಾಗಿ ಬಿಡಿ, ಮೇಜನ್ನು ಕೆಳಗಿನಿಂದ ತಟ್ಟುತ್ತಿರಿ. ಮುಕ್ಕಾಲು ಗಂಟೆಯ ಮೇಲೇ ಬಿಚ್ಚುವುದು. ಬಿಸಿಯಾಗಿ ಮತ್ತೆ ತಣ್ಣಗಾದರೆ ಆಯಿತು ಅಂತ ಲೆಕ್ಕ.

ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ನೀರೊಳಗೂ ಗಟ್ಟಿಯಾಗುತ್ತೆ ಅದು. ಆಮೇಲೆ ಪ್ಲಂಬರ್‌ಗೆ ಕೊಡುವ ದುಡ್ಡಲ್ಲಿ ಒಳ್ಳೆ ಸಿಲಿಕೋನೇ ಬರುತ್ತಿತ್ತು. ಕೈ ಪೂರ್ತಿ ಮುಳುಗಿಸಿ ಕೈಯ ಅಚ್ಚು ತೆಗೆಯುತ್ತೇನೆ ಅಂತ ಮಕ್ಕಳು ಹೊರಟರೆ ಗದರಿಸಿ. ದಪ್ಪ ಗಟ್ಟಿ ಇದ್ದಾಗ ಚರ್ಮ ಸುಡುವಷ್ಟು ಬಿಸಿಯಾಗುತ್ತೆ, ಕೈ ಎಳೆದುಕೊಳ್ಳಲೂ ಆಗಲ್ಲ.

ಚಿಂತಾಮಣಿ_ಹುಡುಗ

ಸರ್, ನಮ್ಮ ಮನೆಯಲ್ಲಿ ಕಲಸಿ ತಿರುಗುವಷ್ಟರಲ್ಲಿ ಗಟ್ಟಿಯಾಗುತ್ತೆ. ಅದೇ ಚೀಲದ್ದು ಸ್ನೇಹಿತನ ಮನೆಯಲ್ಲಿ ಆರಾಮಾಗಿ ಇರುತ್ತೆ. ಯಾಕೆ?

ಹಲ್ಲಿನ_ಲ್ಯಾಬ್

ನೀರು ಯಾವುದು? ಬೋರ್‌ವೆಲ್ಲಾ?

ಚಿಂತಾಮಣಿ_ಹುಡುಗ

ಹೌದು ಸರ್. ಬಕೆಟ್ಟಿನಲ್ಲಿ ಬಿಳಿ ಪೊರೆ ಕಟ್ಟುವ ನೀರು. ಸ್ನೇಹಿತ ಫಿಲ್ಟರ್ ಕ್ಯಾನ್ ನೀರು ಹಾಕುತ್ತಾನೆ.

ಹಲ್ಲಿನ_ಲ್ಯಾಬ್

ಅದೇ ಇರಬೇಕು. ಉಪ್ಪಿನ ಅಂಶ ಇದ್ದರೆ ಪ್ಲಾಸ್ಟರ್ ಬೇಗ ಹಿಡಿಯುತ್ತೆ. ನಿಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಹೇಳಬೇಕಾಗಿಲ್ಲ. ಎರಕಕ್ಕೆ ಬೇಕಾಗುವುದು ಒಂದು ಲೋಟ, ಶುದ್ಧ ನೀರಿನ ಘಟಕದ್ದೇ ಹಾಕಿ. ಇನ್ನೊಂದು, ಬಟ್ಟಲು ಚಮಚದಲ್ಲಿ ಹಿಂದಿನ ದಿನದ ಗಟ್ಟಿಯಾದ ಪ್ಲಾಸ್ಟರ್ ಚೂರು ಉಳಿದಿದ್ದರೂ ಬೇಗ ಹಿಡಿಯುತ್ತೆ, ಆ ಚೂರಿನ ಸುತ್ತಲೇ ಹೊಸ ಹರಳು ಕಟ್ಟುವುದು. ತೊಳೆದ ಬಟ್ಟಲಲ್ಲೇ ಕಲಸಿ. ನಿಧಾನ ಆಗಬೇಕು ಅಂದರೆ ನೀರಿಗೆ ಎರಡು ಹನಿ ವಿನೆಗರ್. ಜಾಸ್ತಿ ಹಾಕಿದರೆ ಮೆತ್ತಗಾಗುತ್ತೆ.

ನಂದಿ_ತಪ್ಪಲು

ನಾನು ಚಿಕ್ಕಬಳ್ಳಾಪುರ ತಾಲ್ಲೂಕು. ನಮ್ಮದು ದ್ರಾಕ್ಷಿ ತೋಟ, ಮಾಡೆಲ್ ಹುಚ್ಚು ಬೇರೆ. ಯಾರೂ ಹೇಳದ ಒಂದು ಅಚ್ಚು ಹೇಳುತ್ತೇನೆ, ಚೈನಾ ಗ್ರಾಸ್. ಹೌದು, ಜೆಲ್ಲಿ ಮಾಡುವ ಅದೇ ಕಡ್ಡಿ. ಸಮುದ್ರದ ಪಾಚಿಯಿಂದ ತೆಗೆಯುವುದು. ಲೀಟರ್ ನೀರಿಗೆ 25–30 ಗ್ರಾಂ ಹಾಕಿ ಕುದಿಸಿ, ಪೂರ್ತಿ ಕರಗಬೇಕು. ಇದರ ಗಮ್ಮತ್ತು ಏನಪ್ಪಾ ಅಂದರೆ, ಕರಗಲು 85 ಡಿಗ್ರಿ ಮೇಲೆ ಬೇಕು, ಮತ್ತೆ ಹೆಪ್ಪುಗಟ್ಟುವುದು 40ರ ಕೆಳಗೆ ಬಂದಾಗ. ಹಾಗಾಗಿ ಕೈ ತಾಳುವಷ್ಟು ಬಿಸಿಯಲ್ಲಿ ಇನ್ನೂ ನೀರಿನ ಹಾಗೆ ಇರುತ್ತೆ, ಜೇಡಿಮಣ್ಣಿನ ಮಾಸ್ಟರ್ ಮೇಲೂ ಸುರಿಯಬಹುದು. ಹೆಪ್ಪಾದ ಮೇಲೆ ಪ್ಲಾಸ್ಟರ್ ಬಿಸಿಗೆ ಕರಗಲ್ಲ. ಜೆಲಾಟಿನ್ ಆದರೆ ಆ ಬಿಸಿಗೇ ಮೈ ಕರಗಿ ಜಿಡ್ಡು ಜಿಡ್ಡು.

ಒಂದು ತೊಂದರೆ ಇದೆ. ಚೈನಾ ಗ್ರಾಸ್ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರಿನ ಮೈ ಸುಣ್ಣದ ಪುಡಿಯಂತೆ ಉದುರುತ್ತೆ. ಅದಕ್ಕೆ ಮದ್ದು ನಮ್ಮ ತೋಟದ ಶೆಡ್ಡಿನಲ್ಲೇ ಇತ್ತು. 0-0-50 ಗೊಬ್ಬರ, ಅಂದರೆ ಪೊಟ್ಯಾಷಿಯಂ ಸಲ್ಫೇಟ್. ದ್ರಾಕ್ಷಿಗೆ ಡ್ರಿಪ್‌ನಲ್ಲಿ ಬಿಡುತ್ತೇವಲ್ಲ, ಅದೇ. ಲೀಟರ್ ನೀರಿಗೆ 20 ಗ್ರಾಂ ಕರಗಿಸಿ, ಅಚ್ಚನ್ನು ಅದರಲ್ಲಿ ಕೆಲವು ನಿಮಿಷ ಅದ್ದಿ ತೆಗೆದು, ನೀರು ಬಸಿದು, ಹೊಯ್ದರೆ ಮೈ ಗಟ್ಟಿಯಾಗಿ ಬರುತ್ತೆ.

ಅಚ್ಚು ಒಂದೆರಡು ದಿನಕ್ಕೆ ನೀರು ಬಿಟ್ಟು ಕುಗ್ಗುತ್ತೆ. ಒದ್ದೆ ಬಟ್ಟೆ ಸುತ್ತಿ ಇಡಿ, ಆದರೂ ಅಂದೇ ಕೆಲಸ ಮುಗಿಸಿದರೆ ಒಳ್ಳೆಯದು. ಮುಗಿದ ಮೇಲೆ ಕತ್ತರಿಸಿ ಮತ್ತೆ ಕುದಿಸಿ ಇನ್ನೊಂದು ಅಚ್ಚು ಮಾಡಿ. ದುಡ್ಡು ವೇಸ್ಟಾಗಲ್ಲ. ಗೊಬ್ಬರ ತಾಕಿದ್ದನ್ನು ಮಾತ್ರ ಮತ್ತೆ ಅಡುಗೆಮನೆಗೆ ತರಬೇಡಿ, ಪಾತ್ರೆಯೂ ಬೇರೆ ಇಟ್ಟುಕೊಳ್ಳಿ.

ಹಲ್ಲಿನ_ಲ್ಯಾಬ್

ತೋಟದವರು ನಮ್ಮ ಗುಟ್ಟನ್ನೆಲ್ಲ ಬಿಟ್ಟುಕೊಟ್ಟರು 😄 ಶೇಕಡಾ 2ರ ಪೊಟ್ಯಾಷಿಯಂ ಸಲ್ಫೇಟ್ ನೀರು ದಂತ ವೈದ್ಯದಲ್ಲಿ ಅಗರ್ (ಅದೇ ಚೈನಾ ಗ್ರಾಸ್) ಅಚ್ಚಿಗೆ ಬಳಸುವ ಹಳೇ ಕ್ರಮವೇ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ ಅಂತ ನನಗೆ ಹೊಳೆದಿರಲಿಲ್ಲ ನೋಡಿ.

ಕೆಜಿಎಫ್_ಶಾಫ್ಟ್

ನನ್ನದೊಂದು ಪ್ರಶ್ನೆ. ಗಣಿಯ ಶಾಫ್ಟ್ ಮೇಲಿನ ಹೆಡ್‌ಗೇರ್, ಅಂದರೆ ರಾಟೆ ಗೋಪುರ ಮಾಡುತ್ತಿದ್ದೇನೆ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, 2001ರಲ್ಲಿ ಗಣಿ ಮುಚ್ಚಿದಾಗ ನಾನು ಚಿಕ್ಕವನು. ಮೇಲಿನ ರಾಟೆ ಚಕ್ರ ಎರಡು ಬೇಕು, ತೆಳ್ಳನೆ ಕಡ್ಡಿ ಕಡ್ಡಿ ಇರುತ್ತಲ್ಲ. ಹಳೇ ಬ್ಯಾಟರಿಯ ಸೀಸ ಕರಗಿಸಿ ಪಿಓಪಿ ಅಚ್ಚಿಗೆ ಹೊಯ್ದರೆ ಬರುತ್ತಾ? ಸೀಸ ಬೇಗ ಕರಗುತ್ತೆ, ಪುಕ್ಕಟೆ ಬೇರೆ.

ಫೈಬರ್_ಕೆಲಸ

ಬೇಡ.

ಗೊಂಬೆ_ಅಕ್ಕ_ತುಮಕೂರು

ಬೇಡವೇ ಬೇಡ ತಮ್ಮಾ. ಮನೆಯಲ್ಲಿ ಮಕ್ಕಳಿದ್ದರಂತೂ ಆ ಯೋಚನೆಯನ್ನೇ ಬಿಡಿ.

ಮಾಲೂರು_ಮಣ್ಣು

ಬೇಡ ಅಂದರೆ ಯಾಕೆ ಅಂತ ಹೇಳಬೇಕಲ್ವಾ, ನಾನು ಹೇಳುತ್ತೇನೆ. ಬ್ಯಾಟರಿ ಸೀಸದಲ್ಲಿ ಆಸಿಡ್ ಇರುತ್ತೆ, ಆಂಟಿಮನಿ ಇರುತ್ತೆ, ಆರ್ಸೆನಿಕ್ ಇರಬಹುದು. ಕರಗಿಸಿದರೆ ಎದ್ದ ಹೊಗೆ, ಧೂಳು ಮನೆಯ ನೆಲಕ್ಕೆ, ಬಟ್ಟೆಗೆ, ಊಟಕ್ಕೆ ಸೇರುತ್ತೆ. ಸೀಸ ಮೈಗೆ ಸೇರಿದರೆ ಮಕ್ಕಳ ಮೆದುಳಿಗೇ ಏಟು, ಅದನ್ನು ವಾಪಸ್ ತೆಗೆಯೋದು ಕಷ್ಟ. ಎರಡನೆಯದು ಪಿಓಪಿ ಅಚ್ಚು. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರಿರುತ್ತೆ. ಅದರ ಮೇಲೆ ಕರಗಿದ ಲೋಹ ಬಿದ್ದರೆ ನೀರು ಒಂದೇ ಸಲ ಹಬೆಯಾಗಿ ಲೋಹವನ್ನು ಮುಖಕ್ಕೆ ಎರಚುತ್ತೆ.

ನಮ್ಮ ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕಲ್ಲಿನ ಜೊತೆ ಪಂಚಲೋಹದ ವಿಗ್ರಹವನ್ನೂ ಮಾಡುತ್ತಾರೆ. ಮೇಣದಲ್ಲಿ ಮೂರ್ತಿ, ಅದರ ಮೇಲೆ ಮಣ್ಣಿನ ಪದರದ ಮೇಲೆ ಪದರ, ತಂತಿ ಬಿಗಿದು, ಒಣಗಿಸಿ, ಸುಟ್ಟು ಮೇಣ ಹರಿಸಿ, ಅಚ್ಚು ಇನ್ನೂ ಬಿಸಿ ಇರುವಾಗಲೇ ಲೋಹ ಹೊಯ್ಯುವುದು. ಅಚ್ಚು ಬಿಸಿ ಇರಬೇಕು ಅನ್ನುವುದು ಸುಮ್ನೆ ಸಂಪ್ರದಾಯ ಅಲ್ಲ. ಒಂದು ಹನಿ ತೇವ ಉಳಿಯಬಾರದು, ಲೋಹ ಮೂಲೆ ತಲುಪುವ ಮೊದಲೇ ಗಟ್ಟಿಯಾಗಬಾರದು. ಲೋಹದ ಲೆಕ್ಕವನ್ನೂ ಮೇಣ ತೂಗಿಯೇ ಹಾಕುವುದು. ಮೇಣ ನೀರಿಗಿಂತ ಚೂರು ಹಗುರ, ಕಂಚು ನೀರಿಗಿಂತ ಎಂಟೂವರೆ ಪಟ್ಟು ಭಾರ, ಹಾಗಾಗಿ ಮೇಣದ ಸುಮಾರು ಒಂಬತ್ತು ಪಟ್ಟು ತೂಕದ ಕಂಚು ಬೇಕು. ಅದು ಹೊಯ್ಯುವ ದಾರಿಗೆ ಹೋಗುವುದನ್ನು ಬಿಟ್ಟು. ಇಷ್ಟೆಲ್ಲ ಅರಿತು ಮಾಡುವವರ ಕೆಲಸ ಅದು. ಗ್ಯಾಸ್ ಒಲೆ ಮೇಲೆ ಮಾಡುವುದಲ್ಲ.

ನಿಮ್ಮ ಚಕ್ರಕ್ಕೆ ಎರಕವೇ ಬೇಡ ಅಂತ ನನ್ನ ಅಭಿಪ್ರಾಯ. ಬೇಕಿರುವುದು ಎರಡು. ಬಳೆಯ ಥರದ ಉಂಗುರಕ್ಕೆ ಮೀನು ಹಿಡಿಯುವ ನೈಲಾನ್ ದಾರ ಬಿಗಿದು ಕಡ್ಡಿ ಮಾಡಿ.

ಕೆಜಿಎಫ್_ಶಾಫ್ಟ್

ಸರಿ ಸರ್, ಸೀಸದ ಯೋಚನೆ ಬಿಟ್ಟೆ. ನೈಲಾನ್ ದಾರ ಒಳ್ಳೆ ಐಡಿಯಾ.

ಚಿಂತಾಮಣಿ_ಹುಡುಗ

ಇನ್ನೊಂದು ಡೌಟು. ನಾನು ದುಡ್ಡು ಕೂಡಿಟ್ಟು ಎ–ಬಿ ಎರಡು ಡಬ್ಬ ಸಮಸಮ ಬೆರೆಸುವ ಸಿಲಿಕೋನ್ ತರಿಸಿದೆ. ಮಾಸ್ಟರ್ ಸ್ಟೇಷನರಿ ಅಂಗಡಿಯ ಬಣ್ಣದ ಕ್ಲೇ. ಮೇಲೆಲ್ಲ ಚೆನ್ನಾಗಿ ಗಟ್ಟಿಯಾಗಿದೆ, ಕ್ಲೇಗೆ ತಾಗಿದ ಕಡೆ ಮಾತ್ರ ಅಂಟು ಅಂಟು. ಮಾರಿದವರು ನೀವೇ ಸರಿಯಾಗಿ ಕಲಸಿಲ್ಲ ಅಂತಾರೆ.

ಫೈಬರ್_ಕೆಲಸ

ಕಲಸಿದ್ದು ತಪ್ಪಾಗಿದ್ದರೆ ಅಲ್ಲಲ್ಲಿ ಹಸಿ ಇರುತ್ತಿತ್ತು. ಕ್ಲೇ ತಾಗಿದ ಕಡೆ ಮಾತ್ರ ಅಂದರೆ ಕ್ಲೇಯದೇ ಕೆಲಸ. ಸಮಸಮ ಬೆರೆಸುವ ಸಿಲಿಕೋನ್ ಸಾಮಾನ್ಯವಾಗಿ ಪ್ಲಾಟಿನಂನಿಂದ ಗಟ್ಟಿಯಾಗುವ ಜಾತಿ. ಅದಕ್ಕೆ ಗಂಧಕ ಆಗಿಬರಲ್ಲ. ಕೆಲವು ಮಾಡೆಲಿಂಗ್ ಕ್ಲೇನಲ್ಲಿ ಗಂಧಕ ಇರುತ್ತೆ. ಲೇಟೆಕ್ಸ್ ಗ್ಲೌಸ್ ಹಾಕಿ ಮುಟ್ಟಿದರೂ ಇದೇ ಗತಿ, ನೈಟ್ರೈಲ್ ಗ್ಲೌಸ್ ಹಾಕಿ. ತ್ರೀಡಿ ಪ್ರಿಂಟರಿನ ರೆಸಿನ್ ಮಾಸ್ಟರ್ ಮೇಲೂ ಎಷ್ಟೋ ಸಲ ಹೀಗೇ ಆಗುತ್ತೆ.

ಸಣ್ಣ ಬಾಟಲಿಯಿಂದ ನೂರಕ್ಕೆ ಎರಡು ಮೂರು ಗ್ರಾಂ ಹನಿ ಹಾಕಿ ಬೆರೆಸುವುದು ಬರುತ್ತಲ್ಲ, ಅದು ತವರದ ಜಾತಿ. ಗಂಧಕ ಇದ್ದರೂ ಗಟ್ಟಿಯಾಗುತ್ತೆ, ಬೆಲೆಯೂ ಕಡಿಮೆ. ಸ್ವಲ್ಪ ಕುಗ್ಗುತ್ತೆ, ಕೆಲವು ವರ್ಷಕ್ಕೆ ಅಚ್ಚು ಹರಿಯಲು ಶುರುವಾಗುತ್ತೆ. ಹವ್ಯಾಸಕ್ಕೆ ಅದೇ ಸಾಕು. ಯಾವುದೇ ಇರಲಿ, ಮಾಸ್ಟರಿನ ಹಿಂಭಾಗಕ್ಕೆ ಒಂದು ಹನಿ ಹಾಕಿ ರಾತ್ರಿ ಬಿಟ್ಟು ನೋಡಿ. ಗಟ್ಟಿಯಾದರೆ ಮಾತ್ರ ಪೂರ್ತಿ ಸುರಿಯಿರಿ.

ಗೊಂಬೆ_ಅಕ್ಕ_ತುಮಕೂರು

ಸಿಲಿಕೋನ್ ಎಷ್ಟು ಬೇಕು ಅಂತ ಅಂದಾಜು ಸಿಗದೆ ಜಾಸ್ತಿ ಕಲಸಿ ಎಸೆಯುವವರಿಗೆ ಹೇಳುತ್ತೇನೆ. ಮಾಸ್ಟರನ್ನು ಪೆಟ್ಟಿಗೆಯಲ್ಲಿ ಕೂರಿಸಿ ರಾಗಿ ಸುರಿಯಿರಿ, ಮಾಸ್ಟರ್ ಮೇಲೆ ಅರ್ಧ ಬೆರಳು ನಿಲ್ಲುವವರೆಗೆ. ಆ ರಾಗಿಯನ್ನು ಅಳತೆ ಲೋಟಕ್ಕೆ ಹಾಕಿ ಎಷ್ಟು ಮಿ.ಲೀ. ನೋಡಿ. ಅದನ್ನು 1.2ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಹೆಚ್ಚು ಕಡಿಮೆ ಬರುತ್ತೆ. ಅಕ್ಕಿಗಿಂತ ರಾಗಿ ಒಳ್ಳೆಯದು, ಸಂದಿಗೆಲ್ಲ ಇಳಿಯುತ್ತೆ. ಪೆಟ್ಟಿಗೆಗೆ ಮದುವೆ ಮನೆ ಫ್ಲೆಕ್ಸಿನ ಹಿಂದಿನ ಸನ್‌ಪ್ಯಾಕ್ ಶೀಟು, ಸಂದಿಗೆ ಗ್ಲೂ ಗನ್.

ಇನ್ನೂ ಉಳಿಸಬೇಕಾ? ಸಿಲಿಕೋನ್ ತೆಳ್ಳನೆ ಚರ್ಮದಷ್ಟೇ ಹಾಕಿ, ಅದರ ಬೆನ್ನಿಗೆ ಪಿಓಪಿ ಕವಚ ಮಾಡಿ. ಎರಕ ಆದ ಮೇಲೆ ಮೊದಲು ಕವಚ ತೆಗೆದು, ಆಮೇಲೆ ಸಿಲಿಕೋನ್ ಸುಲಿಯುವುದು. ಹಳೇ ಅಚ್ಚು ಹರಿದರೆ ಎಸೆಯಬೇಡಿ, ಚೂರು ಮಾಡಿ ಹೊಸ ಅಚ್ಚಿನ ಹೊರ ಅಂಚಿಗೆ ತುಂಬಿ.

ನ್ಯಾರೋಗೇಜ್_ಬಂಗಾರಪೇಟೆ

ರಾಗಿ ಉಪಾಯ ಇವತ್ತೇ ಮಾಡುತ್ತೇನೆ. ಅಕ್ಕ, ಫೈಬರ್ ಅಣ್ಣ, ಬೋಗಿಯ ಭಾಗಕ್ಕೆ ಪ್ಲಾಸ್ಟರ್ ಆಗಲ್ಲ, ಮುರಿಯುತ್ತೆ. ಅದಕ್ಕೆ ಯಾವ ರೆಸಿನ್?

ಫೈಬರ್_ಕೆಲಸ

ಅಗ್ಗಕ್ಕೆ ಪಾಲಿಯೆಸ್ಟರ್. ಫೈಬರ್ ಶೀಟ್, ನೀರಿನ ಟ್ಯಾಂಕ್ ರಿಪೇರಿಯವರು ಬಳಸುವ ಜೇನು ಬಣ್ಣದ್ದು. ವಾಸನೆ ವಿಪರೀತ, ಕುಗ್ಗುವುದೂ ಜಾಸ್ತಿ. ಟಾಲ್ಕಂ ಪೌಡರ್ ಬೆರೆಸಿದರೆ ಕುಗ್ಗುವುದು ಕಡಿಮೆಯಾಗುತ್ತೆ, ಬಿಳಿ ಬಣ್ಣವೂ ಬರುತ್ತೆ. ಒಂದು ಮಾತ್ರ ತಲೆಯಲ್ಲಿ ಇರಲಿ. ಅದರ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ, ನೇರಳೆ ಬಣ್ಣದ ಕೋಬಾಲ್ಟ್, ನೀರಿನ ಥರದ ಹಾರ್ಡ್‌ನರ್. ಈ ಎರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬಾರದು. ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಅಳೆಯುವ ಸಿರಿಂಜು ಕೂಡ ಬೇರೆ ಬೇರೆ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕದೆ ಮುಟ್ಟಬೇಡಿ.

ಮನೆಯೊಳಗೆ ಮಾಡುವುದಾದರೆ ಎಪಾಕ್ಸಿ ವಾಸಿ. ನಿಧಾನ, ವಾಸನೆ ಕಡಿಮೆ, ಕುಗ್ಗುವುದೂ ಕಡಿಮೆ, ಆದರೆ ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ತುರಿಕೆ ಹತ್ತಿಕೊಂಡು ಬಿಡುತ್ತೆ. ತೂಕ ಮಾಡಿಯೇ ಬೆರೆಸಿ. ಪಾಲಿಯುರೆಥೇನ್ ಅಂತ ಬಿಳಿ ರೆಸಿನ್ ಇದೆ, ಮಾಡೆಲ್‌ನವರ ಮೆಚ್ಚಿನದು, ನೀರಿನಂತೆ ಹರಿದು ಬೇಗ ಗಟ್ಟಿಯಾಗುತ್ತೆ. ತೇವ ಕಂಡರೆ ನೊರೆ ಬರುತ್ತೆ. ಮಳೆ ಹಿಡಿದ ದಿನ ಡಬ್ಬ ತೆಗೆಯಬೇಡಿ.

ನಂದಿ_ತಪ್ಪಲು

ಬಂಗಾರಪೇಟೆಯವರೇ, ನಿಮ್ಮ ಕಲ್ಲು ಕಂಬದ ವಿಷಯ. ನಮ್ಮ ತೋಟದ ಕಂಬ ನೆಲದ ಮೇಲೆ ಏಳಡಿ ಅಂದುಕೊಳ್ಳಿ. ನಿಮ್ಮ ಸ್ಕೇಲಿಗೆ ಎರಡೂವರೆ ಸೆಂಟಿಮೀಟರ್ ಎತ್ತರ, ಎರಡು ಮಿ.ಮೀ. ಕೂಡ ಇಲ್ಲದ ದಪ್ಪ. ಅದನ್ನು ಡೆಂಟಲ್ ಸ್ಟೋನಲ್ಲಿ ಹೊಯ್ದರೂ ಬಿಚ್ಚುವಾಗ ಮುರಿಯುತ್ತೆ. ಊದುಬತ್ತಿ ಕಡ್ಡಿ ತಗೊಳ್ಳಿ, ಚಾಕುವಿನಿಂದ ಎರಡು ಮುಖ ಚಪ್ಪಟೆ ಮಾಡಿ, ಫೆವಿಕಾಲ್ ನೀರು ಸವರಿ ನುಣುಪಾದ ಕಲ್ಲುಪುಡಿಯಲ್ಲಿ ಹೊರಳಿಸಿ. ಒಂದು ಸಂಜೆಗೆ ಒಂದು ತೋಟ ಆಗುತ್ತೆ. ಎಲ್ಲಕ್ಕೂ ಎರಕ ಅಂತ ಹೋಗಬೇಡಿ.

ಚಿಂತಾಮಣಿ_ಹುಡುಗ

ನಂದಿ ಅಣ್ಣ, ನಿಮ್ಮ ಊರಿನ ಭೋಗನಂದೀಶ್ವರ ದೇವಸ್ಥಾನದ ಕಂಬದ ಕೆತ್ತನೆಗೆ ನೇರವಾಗಿ ಹಲ್ಲಿನ ಡಾಕ್ಟರು ಹಲ್ಲಿನ ಅಚ್ಚು ತೆಗೆಯಲು ಬಳಸುವ ಆಲ್ಜಿನೇಟ್ ಒತ್ತಿ ಅಚ್ಚು ತೆಗೆದರೆ ಹೇಗೆ? ಐದು ನಿಮಿಷದ ಕೆಲಸ ಅಲ್ವಾ.

ನಂದಿ_ತಪ್ಪಲು

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಅದು. ಕಲ್ಲಿಗೆ ಏನನ್ನೂ ಹಚ್ಚುವ ಹಾಗಿಲ್ಲ, ಹಿಡಿದರೆ ಕೇಸು. ಸಾವಿರ ವರ್ಷ ದಾಟಿದ ಕಲ್ಲಪ್ಪಾ. ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಸೋಪಿನ ಬಾರಿನಲ್ಲಿ ಕೆತ್ತು.

ಹಲ್ಲಿನ_ಲ್ಯಾಬ್

ಆಲ್ಜಿನೇಟ್ ಮನೆಯ ಸಾಮಾನಿಗೆ ಬಳಸಿ, ಪರವಾಗಿಲ್ಲ. ಮೂರು ನಾಲ್ಕು ನಿಮಿಷಕ್ಕೆ ಗಟ್ಟಿ, ವಿವರ ಚೆನ್ನಾಗಿ ಬರುತ್ತೆ. ಆದರೆ ಹತ್ತು ಹದಿನೈದು ನಿಮಿಷದೊಳಗೆ ಹೊಯ್ದುಬಿಡಬೇಕು, ತಡ ಮಾಡಿದರೆ ಕುಗ್ಗುತ್ತೆ. ಒಂದು ಅಚ್ಚಿಗೆ ಒಂದೇ ಎರಕ.

ಮಾಲೂರು_ಮಣ್ಣು

ಹೆಂಚಿನ ಬಗ್ಗೆ ಯಾರೂ ಹೇಳಲಿಲ್ಲ. ಹೆಂಚಿನ ಊರಿನವನು ನಾನೇ ಹೇಳುತ್ತೇನೆ. ಮಂಗಳೂರು ಹೆಂಚಿನ ಒಂದು ಅಳತೆ 410 ಮಿ.ಮೀ. ಉದ್ದ, 235 ಅಗಲ. 87ರಿಂದ ಭಾಗಿಸಿದರೆ 4.7, 2.7. ಒಂದರ ಮೇಲೊಂದು ಕೂತಾಗ ಕಾಣುವ ಉದ್ದ ಇನ್ನೂ ಕಡಿಮೆ. ಬಿಡಿ ಹೆಂಚು ಹೊಯ್ಯುವುದು ಹುಚ್ಚು. ಹೆಂಚಿನ ಎರಡು ಸಾಲು ಚೆನ್ನಾಗಿ ಮಾಡಿ, ಅದರ ಅಚ್ಚು ತೆಗೆದು ಹಲವು ತುಂಡು ಹೊಯ್ದು, ಆ ತುಂಡು ಜೋಡಿಸಿ ಅಂಗೈ ಅಗಲದ ಮಾಡು ಮಾಡಿ. ಒಂದೆರಡು ಹೆಂಚು ಬೇಕಂತಲೇ ಸರಿಸಿ, ಒಂದರ ಮೂಲೆ ಮುರಿಯಿರಿ. ಈಗ ಅದು ನಿಮ್ಮ ನಿಜವಾದ ಮಾಸ್ಟರ್. ಅದಕ್ಕೆ ಮಾತ್ರ ಒಳ್ಳೆ ಸಿಲಿಕೋನ್ ತಂದು ಅಚ್ಚು ಮಾಡಿ. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಮೊದಲಿನ ಎರಡು ಸಾಲಿನ ಅಚ್ಚಿಗೆ ಟ್ಯೂಬ್ ಸಿಲಿಕೋನೇ ಸಾಕು. ಹೊಯ್ಯುವುದು ಡೆಂಟಲ್ ಸ್ಟೋನ್, ನೀರಿಗೆ ಚೂರು ಕಾವಿ ಬಣ್ಣ ಹಾಕಿ. ಆಗ ಮೂಲೆ ಚೆಕ್ಕೆದ್ದರೂ ಒಳಗಿಂದ ಬಿಳಿ ಕಾಣಲ್ಲ.

ನ್ಯಾರೋಗೇಜ್_ಬಂಗಾರಪೇಟೆ

ಇದು ಕೆಲಸದ ಮಾತು. ಎರಡು ಸಾಲು ಎಂ-ಸೀಲಿನಲ್ಲಿ ಆಗಲೇ ಇದೆ, ಅದರ ಅಚ್ಚು ಟ್ಯೂಬಿನಿಂದ ನಾಳೆ. ಗೋಡೆಗೆ ಚೈನಾ ಗ್ರಾಸ್ ಮಾಡುತ್ತೇನೆ, ಒರಟು ಕಲ್ಲಲ್ವಾ, ನಡೆಯುತ್ತೆ. ಕಂಬಕ್ಕೆ ಊದುಬತ್ತಿ. ತವರದ ಸಿಲಿಕೋನ್ ಮಾಡಿಗೊಂದಕ್ಕೇ ತರಿಸುತ್ತೇನೆ. ಯಾರಾದರೂ ಅರ್ಧ ಕೆಜಿ ಹಂಚಿಕೊಳ್ಳುವುದಾದರೆ ಹೇಳಿ, ಒಂದು ಕೆಜಿಗಿಂತ ಕಡಿಮೆ ಕೊಡಲ್ಲ ಅಂತಿದ್ದಾರೆ.

ಕೆಜಿಎಫ್_ಶಾಫ್ಟ್

ನಾನು ತಗೊಳ್ತೀನಿ ಅಣ್ಣ. ಬಂಗಾರಪೇಟೆ ಸ್ಟೇಷನ್ ಹತ್ತಿರ ಬಂದು ಇಸ್ಕೊಳ್ತೀನಿ. ಹಾರ್ಡ್‌ನರ್ ಬಾಟಲಿಯಲ್ಲೂ ಅರ್ಧ ಕೊಡಬೇಕು, ಮರೀಬೇಡಿ.